ಆಟನೇ ಬೇಡ ಅನ್ನಿಸ್ತಿದ್ಯಾ? ಸ್ಟಿಕ್ ಅಟ್ಟಕ್ಕೆ ಹಾಕೋ ಮುಂಚೆ ಇಷ್ಟು ಮಾಡಿ

ಕೊಡಗಲ್ಲಿ ಕಾಲೇಜ್ ಟೀಮಿಗೆ, ಯೂನಿವರ್ಸಿಟಿಗೆ ಹಾಕಿ ಆಡೋ ತಮ್ಮ ತಂಗಿಯರಿಗೆ ಅಂತ ಬರೀತಿದೀನಿ, ಓಟ, ಕಬಡ್ಡಿಯವ್ರಿಗೂ ಇದೇ ಕಥೆ.

ನಂಗಾಗಿದ್ದು ಡಿಗ್ರಿ ಎರಡನೇ ವರ್ಷದಲ್ಲಿ. ಜನವರಿ, ಬೆಳಗ್ಗೆ ಐದೂವರೆ, ಗ್ರೌಂಡ್ ತುಂಬ ಮಂಜು, ಒಂದು ಕಾಲಿಗೆ ಶಿನ್‌ಗಾರ್ಡ್ ಹಾಕಿದ್ದೆ, ಇನ್ನೊಂದನ್ನ ಕೈಯಲ್ಲೇ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. ಜ್ವರ ಇಲ್ಲ, ನೋವಿಲ್ಲ. ಆ ಕಡೆ ಬಾಲ್ ಗೋಲ್ ಬೋರ್ಡಿಗೆ ಬಡಿಯೋ ಸದ್ದು, ಚಿಕ್ಕವಳಿದ್ದಾಗಿಂದ ಆ ಸದ್ದು ಕೇಳಿದ್ರೆ ಕಾಲು ತಾನಾಗೇ ಓಡ್ತಿತ್ತು, ಅವತ್ತು ಕಿವಿ ಮುಚ್ಕೊಳ್ಳೋಣ ಅನ್ನಿಸ್ತು. ಸೋಂಬೇರಿ ಆಗಿದೀಯ ಅಂದ್ರು, ನಾನೂ ನಂಬಿ ಇನ್ನೂ ಮೂರು ತಿಂಗಳು ಜಾಸ್ತಿನೇ ಓಡಿದೆ. ಕೆಟ್ಟಿದ್ದು ಅಲ್ಲೇ.

ಮೊದ್ಲು ಇದು ಸುಸ್ತಾ ಬರ್ನ್‌ಔಟಾ ನೋಡ್ಕೊಳ್ಳಿ. ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಒಂದು ದಿನ ರೆಸ್ಟ್ ತಗೊಂಡ್ರೆ ಸುಸ್ತು ಇಳಿಯತ್ತೆ, ಮತ್ತೆ ಆಡೋಕೆ ಆಸೆ ಆಗತ್ತೆ. ಬರ್ನ್‌ಔಟ್ ಹಾಗಲ್ಲ. ಮೈ ಮನಸ್ಸು ಎರಡೂ ಬತ್ತಿಹೋಗಿರತ್ತೆ, ಏನ್ ಆಡಿದ್ರೂ ಏನೂ ಸಾಧಿಸಿಲ್ಲ ಅನ್ಸತ್ತೆ, ಕೊನೆಗೆ ಗೆದ್ರೂ ಸೋತ್ರೂ ಒಂದೇ. ಈ ಮೂರೂ ಒಟ್ಟಿಗೆ ವಾರಗಟ್ಟಲೆ ಇದ್ರೆ ಹಗುರವಾಗಿ ತಗೋಬೇಡಿ. ಹಾಗಂತ ಎಲ್ಲಾನೂ ಮನಸ್ಸಿನ ತಲೆಗೇ ಕಟ್ಟಬೇಡಿ, ಒಂದು ರಕ್ತ ಪರೀಕ್ಷೆ ಮಾಡಿಸಿ, ಹುಡುಗೀರಿಗೆ ಹಿಮೋಗ್ಲೋಬಿನ್ 12ಕ್ಕಿಂತ, ಹುಡುಗರಿಗೆ 13ಕ್ಕಿಂತ ಕಮ್ಮಿ ಇದ್ರೆ ಅದು ರಕ್ತಹೀನತೆ, ಅದಕ್ಕೆ ಔಷಧಿ ಇದೆ. ಮೂರು ತಿಂಗಳು ಮುಟ್ಟು ನಿಂತಿದ್ರೆ ಪ್ರಾಕ್ಟೀಸ್ ಜಾಸ್ತಿ ಆಗಿ ಆಗಿರ್ಬೇಕು ಅಂತ ಸುಮ್ನಿರಬೇಡಿ, ಓಡೋ ಅಷ್ಟು ಊಟ ಹೋಗ್ತಿಲ್ಲದೇ ಇರಬಹುದು, ಡಾಕ್ಟರ್ ಹತ್ರ ಹೋಗಿ.

ಆಮೇಲೆ ಒಂದು ನೋಟ್‌ಬುಕ್ ಇಡಿ. ಪ್ರಾಕ್ಟೀಸ್ ಮುಗಿದ ಮೇಲೆ ಎಷ್ಟು ನಿಮಿಷ ಆಡಿದ್ರಿ, ಎಷ್ಟು ಕಷ್ಟ ಆಯ್ತು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹಾಕಿ, ಎರಡನ್ನೂ ಗುಣಿಸಿ. 90 ನಿಮಿಷ, ಕಷ್ಟ 7 ಅಂದ್ರೆ 630. ವಾರಕ್ಕೆ ಕೂಡಿ. ಪ್ರಾಕ್ಟೀಸ್ ಅಷ್ಟೇ ಇದ್ದು ಕಷ್ಟದ ನಂಬರ್ ಮಾತ್ರ ವಾರ ವಾರ ಏರ್ತಿದ್ರೆ ದೇಹ ಸಾಲದಲ್ಲಿದೆ ಅಂತ. ಪಕ್ಕದಲ್ಲಿ ನಿದ್ದೆ ಎಷ್ಟು ಗಂಟೆ, ಆಡೋಕೆ ಮನಸ್ಸಿತ್ತಾ ಇಲ್ವಾ ಅಂತಾನೂ ಬರೀರಿ. ಭಾನುವಾರ ತೋಟದಲ್ಲಿ ಕಾಫಿ ಕುಯ್ದಿದ್ರೆ ಅದನ್ನೂ ಸೇರ್ಸಿ, ಅದೂ ಬೆನ್ನು ಕಾಲಿನ ಕೆಲ್ಸನೇ, ನಾನು ಅದನ್ನ ರಜೆ ಅಂತ ಲೆಕ್ಕ ಹಾಕ್ತಿದ್ದೆ.

ಅಮೆರಿಕದಲ್ಲಿ ಕಾಲೇಜ್ ಆಟಗಾರರಿಗೆ ಎನ್‌ಸಿಎಎ ಅಂತ ಕಾಲೇಜ್ ಕ್ರೀಡೆ ನೋಡ್ಕೊಳ್ಳೋ ಸಂಸ್ಥೆಯ ನಿಯಮ ಇದೆ, ಸೀಸನ್ನಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ ಕೊಡಲೇಬೇಕು. ನಮ್ಮಲ್ಲಿ ಆ ಲೆಕ್ಕ ನೀವೇ ಇಟ್ಕೋಬೇಕು.

ನಮ್ಮೂರಲ್ಲಿ ಇನ್ನೊಂದು ವಿಷ್ಯ, ಇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ. ಇಂಟರ್ ಕಾಲೇಜ್ ಮುಗೀತು, ಯೂನಿವರ್ಸಿಟಿ ಮುಗೀತು, ಇನ್ನೇನು ಉಸಿರು ಬಿಡೋಣ ಅನ್ನುವಾಗ ಏಪ್ರಿಲ್ ಬರತ್ತೆ, ಕೌಟುಂಬಿಕ ಹಾಕಿ, ಅಂದ್ರೆ ಕೊಡವ ಮನೆತನಗಳೇ ಒಂದೊಂದು ತಂಡ ಕಟ್ಟಿ ಆಡೋ ಟೂರ್ನಿ. 1997ರಲ್ಲಿ ಕರಡದಲ್ಲಿ 60 ತಂಡದಿಂದ ಶುರುವಾಗಿದ್ದು 2024ರಲ್ಲಿ ನಾಪೋಕ್ಲುಲಿ 360 ತಂಡ ಆಯ್ತು, ಅದು ನಮ್ಮ ಹಬ್ಬ, ಬಿಡಿ ಅಂತ ಯಾವತ್ತೂ ಹೇಳಲ್ಲ. ಆದ್ರೆ ಒಕ್ಕದಲ್ಲಿ, ಅಂದ್ರೆ ಮನೆತನದಲ್ಲಿ, ಕಾಲೇಜಿಗೆ ಆಡೋರು ಒಬ್ಬಿಬ್ರೇ ಇದ್ರೆ ಪೂರ್ತಿ ಭಾರ ಅವರ ಮೇಲೇ ಬೀಳತ್ತೆ, ಅಜ್ಜಂದಿರ ಮುಂದೆ ಆಗಲ್ಲ ಅನ್ನೋಕೆ ಬಾಯಿ ಬರಲ್ಲ. ಒಂದು ತಿಂಗಳು ಮುಂಚೆನೇ ಹೇಳಿ, "ಆಡ್ತೀನಿ ಮಾವ, ಆದ್ರೆ ಪೂರ್ತಿ ಮ್ಯಾಚ್ ಬೇಡ, ಅರ್ಧ ಆಡಿ ಆಮೇಲೆ ನನ್ ತಮ್ಮನನ್ನ ಇಳಿಸ್ತೀನಿ" ಅಂತ. ನಾನು ಹೆದರಿದಷ್ಟು ಏನೂ ಆಗ್ಲಿಲ್ಲ, ಮಾವ ತಲೆ ಅಲ್ಲಾಡಿಸಿ ಸರಿ ಮೋಳೆ (ಮಗಳೇ) ಅಂದ್ರು.

ಮಳೆಗಾಲನ ಆಫ್ ಸೀಸನ್ ಮಾಡ್ಕೊಳ್ಳಿ. ಜೂನ್ ಜುಲೈಲಿ ಹೆಂಗೂ ಮಣ್ಣಿನ ಗ್ರೌಂಡ್ ಕೆಸರು, ಆಗ ಜಿಮ್ಮಲ್ಲಿ ಅದನ್ನ ತುಂಬಿಸೋಕೆ ಹೋಗ್ಬೇಡಿ. ಎರಡು ಮೂರು ವಾರ ಸ್ಟಿಕ್ ಮುಟ್ಟಬೇಡಿ, ಹೊಟ್ಟೆ ತುಂಬ ಕಡಂಬುಟ್ಟು (ಅಕ್ಕಿ ಕಡುಬು) ತಿನ್ನಿ, ಎಂಟು ಒಂಬತ್ತು ಗಂಟೆ ಮಲಗಿ, ಬಾಕಿ ಇರೋ ಅಸೈನ್‌ಮೆಂಟ್ ಮುಗಿಸಿ, ಯಾಕಂದ್ರೆ ಅರ್ಧ ಟೆನ್ಶನ್ ಅಟೆಂಡೆನ್ಸು ಇಂಟರ್ನಲ್ಸಿಂದೇ ಇರತ್ತೆ.

ಸೀಸನ್ ಮಧ್ಯ ಆದ್ರೆ ಪಿಇ ಸರ್ ಹತ್ರ ಮಾತಾಡಲೇಬೇಕು. ಟೀಮ್ ಮುಂದೆ ಬೇಡ, ರೂಮಿಗೆ ಹೋಗಿ ನೋಟ್‌ಬುಕ್ ತೋರ್ಸಿ. "ಸರ್, ಆಟ ಬಿಡ್ತಿಲ್ಲ, ಎರಡು ವಾರ ಬೆಳಗ್ಗೆ ಪ್ರಾಕ್ಟೀಸ್ ಬೇಡ, ಸಂಜೆ ಬರ್ತೀನಿ" ಅಂತ ಬೇಕಾದ್ದು ಏನು ಅಂತ ನೇರ ಕೇಳಿ. ಸುಮ್ನೆ ಆಗ್ತಿಲ್ಲ ಸರ್ ಅಂದ್ರೆ ನೆಪ ಅನ್ಕೋತಾರೆ, ನಂಬರ್ ನೋಡಿದ್ರೆ ಕೂರಿಸ್ಕೊಂಡು ಮಾತಾಡ್ತಾರೆ. ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿದ್ರೆ ಸೀಟಿನ ಷರತ್ತು ಏನಂತ ಮೊದ್ಲೇ ಆಫೀಸಲ್ಲಿ ಕೇಳ್ಕೊಂಡು ಹೋಗಿ.

ಆಟ ಅಲ್ಲ, ಬದುಕೇ ಬೇಡ ಅನ್ನಿಸ್ತಿದ್ರೆ ಈ ನೋಟ್‌ಬುಕ್ ಗೀಟ್‌ಬುಕ್ ಎಲ್ಲ ಬಿಡಿ, ಈಗ್ಲೇ 14416ಕ್ಕೆ ಫೋನ್ ಮಾಡಿ, ಟೆಲಿಮಾನಸ್, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮನೇಲಿ ಒಬ್ರಿಗಾದ್ರೂ ಹೇಳಿ.

ವಾಪಸ್ ಬರೋವಾಗ ಸೀದಾ ಟೀಮಿಗೆ ಹೋಗ್ಬೇಡಿ. ಮನೆ ಅಂಗಳದಲ್ಲಿ, ಕಾಫಿ ಒಣಗಿಸೋ ಕಣದಲ್ಲಿ, ಮಾವನ ಮಕ್ಕಳ ಜೊತೆ ಇಪ್ಪತ್ತು ನಿಮಿಷ ಸುಮ್ನೆ ಬಾಲ್ ಹೊಡೀರಿ. ಮಧ್ಯ ಟೈಮ್ ನೋಡೋಣ ಅನ್ನಿಸಿದ್ರೆ ಅಲ್ಲಿಗೇ ನಿಲ್ಸಿ, ಇನ್ನೊಂದು ವಾರ ಬಿಟ್ಟು ನೋಡಿ. ನಂಗೆ ಮೂರನೇ ಸಲಕ್ಕೆ, ಕತ್ತಲಾಯ್ತು ಒಳಗೆ ಬಾ ಅಂತ ಅಮ್ಮ ಕರೀಬೇಕಾಯ್ತು.