ನಮೂನೆ 17ಸಿ: ಮತಗಟ್ಟೆಯ ಮೇಜಿನ ಹಿಂದೆ ಕಳೆದ ಒಂದು ದಿನ

ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುವ ನಾನು ಪ್ರತಿ ವರ್ಷವೂ ಸಂವಿಧಾನದ 51ಎ ವಿಧಿಯ ಪಾಠ ಮಾಡುತ್ತೇನೆ. 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಬಂದ ಹತ್ತು ಮೂಲಭೂತ ಕರ್ತವ್ಯಗಳನ್ನೂ 2002ರಲ್ಲಿ 86ನೇ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯದನ್ನೂ ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದಾಗ, ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಓಟು ಹಾಕೋದು ಇದರಲ್ಲಿ ಎಷ್ಟನೇದು ಸಾರ್?" ಎಂದು ಕೇಳಿದಳು. ಆ ಪಟ್ಟಿಯಲ್ಲಿ ಮತದಾನವಿಲ್ಲ. ತೆರಿಗೆ ಕಟ್ಟುವುದೂ ಇಲ್ಲ. ತೆರಿಗೆಯನ್ನು ಸೇರಿಸಬೇಕೆಂದು ಸ್ವರಣ್ ಸಿಂಗ್ ಸಮಿತಿ ಸೂಚಿಸಿತ್ತಾದರೂ ಅದನ್ನು ಒಪ್ಪಿಕೊಳ್ಳಲಿಲ್ಲ. ಇಷ್ಟನ್ನು ಹೇಳಿ ಗಂಟೆ ಹೊಡೆದ ಕೂಡಲೇ ತರಗತಿಯಿಂದ ಹೊರಬಂದೆ. ಅದೇ ವಾರ, ಅಂದರೆ 2018ರ ಏಪ್ರಿಲ್‌ನಲ್ಲಿ, ನಾನು ಚುನಾವಣಾ ಕರ್ತವ್ಯದಿಂದ ಹೆಸರು ತೆಗೆಸಿಕೊಳ್ಳಲು ಬೆನ್ನುನೋವಿನ ವೈದ್ಯಕೀಯ ಪತ್ರ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದೆ. ಬೆನ್ನು ನೋಯುತ್ತಿದ್ದುದು ನಿಜ, ಆದರೆ ಅಷ್ಟೊಂದಲ್ಲ. ಪತ್ರ ಹಿಡಿದು ನಿಂತವರ ಸಾಲು ಎಷ್ಟು ಉದ್ದವಿತ್ತೆಂದರೆ ನಮ್ಮ ಇಡೀ ಶಿಕ್ಷಣ ಇಲಾಖೆಗೇ ಬೆನ್ನಿಲ್ಲವೇನೋ ಎಂದು ಅನುಮಾನ ಬರುವಂತಿತ್ತು. ವಿನಾಯಿತಿ ಸಿಗಲಿಲ್ಲ. ಆ ವರ್ಷ ಗೊಣಗುತ್ತಲೇ ಕೆಲಸ ಮುಗಿಸಿದೆ. ನಾನು ಬರೆಯಹೊರಟಿರುವುದು ಅದರ ಮುಂದಿನ ಸಲದ್ದು, ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಕುಳಿತ 2023ರ ಮೇ 10ರ ವಿಧಾನಸಭಾ ಚುನಾವಣೆಯದು.

ಮತದಾನದ ಹಿಂದಿನ ದಿನ, ಯಂತ್ರ ಮತ್ತು ಸಾಮಗ್ರಿ ಹಂಚುವ ಮಸ್ಟರಿಂಗ್ ಕೇಂದ್ರಕ್ಕೆ ಹೋದವರಿಗೆಲ್ಲ ಆ ಗದ್ದಲ ಗೊತ್ತು. ಶಾಮಿಯಾನದ ಕೆಳಗೆ ಧ್ವನಿವರ್ಧಕದ ಕೂಗು, ತಂಡದ ನಾಲ್ವರಲ್ಲಿ ಒಬ್ಬರು ಇನ್ನೂ ಬಂದಿಲ್ಲವೆಂಬ ಆತಂಕ, ಕೈಗೆ ಬರುವ ನೂರೆಂಟು ಲಕೋಟೆಗಳು. ಬಹುತೇಕರು ಯಂತ್ರಗಳನ್ನು ಎತ್ತಿಕೊಂಡು ಬಸ್ಸಿನ ಕಿಟಕಿ ಪಕ್ಕದ ಸೀಟಿಗೆ ಓಡುತ್ತಾರೆ. 2018ರಲ್ಲಿ ನಾನೂ ಓಡಿದ್ದೆ. ಈ ಸಲ ಮರದ ಬುಡದಲ್ಲಿ ಟವೆಲ್ ಹಾಸಿ ಕುಳಿತು, ಮತಗಳನ್ನು ದಾಖಲಿಸುವ ಕಂಟ್ರೋಲ್ ಯೂನಿಟ್, ಮತದಾರರು ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ಮತದ ಚೀಟಿ ಮುದ್ರಿಸುವ ವಿವಿಪ್ಯಾಟ್ ಮೂರರ ಕ್ರಮಸಂಖ್ಯೆಗಳನ್ನೂ ಆದೇಶಪತ್ರದೊಂದಿಗೆ ತಾಳೆ ನೋಡಿದೆ. ಹಸಿರು ಕಾಗದದ ಸೀಲುಗಳ ಸಂಖ್ಯೆ ಬರೆದಿಟ್ಟುಕೊಂಡೆ. ಮತ ಹಾಕಲು ಬಂದವರ ಹೆಸರಿಗೆ ಗೆರೆ ಎಳೆಯುವ ಮತದಾರರ ಪಟ್ಟಿಯ ಪ್ರತಿ, ಅಂದರೆ ಮಾರ್ಕ್ಡ್ ಕಾಪಿಯ ಪುಟಗಳನ್ನು ಎಣಿಸಿದೆ. ಮೈಸೂರಿನಲ್ಲಿ ತಯಾರಾಗುವ ಶಾಯಿಯ ಪುಟ್ಟ ಬಾಟಲಿಗಳ ಮುಚ್ಚಳ ಸಡಿಲವಾಗಿಲ್ಲವೆಂದು ಖಚಿತಪಡಿಸಿಕೊಂಡೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣಕ್ಕೆಂದು ಶುರುವಾದ ಆ ಕಾರ್ಖಾನೆಯ ಶಾಯಿಯೇ 1962ರ ಮಹಾಚುನಾವಣೆಯಿಂದ ಈಚೆಗೆ ದೇಶದ ಬೆರಳುಗಳಿಗೆಲ್ಲ ಹತ್ತುತ್ತಿದೆ ಎಂದು ತಂಡದ ಮೂರನೇ ಅಧಿಕಾರಿಗೆ ಹೇಳಿದೆ. ಅವರು, "ಸಾರ್, ಬಸ್ಸು ಹೊರಡ್ತದೆ" ಎಂದರು.

ಊರಿನ ಪ್ರಾಥಮಿಕ ಶಾಲೆಯೇ ನಮ್ಮ ಮತಗಟ್ಟೆ. ರಾತ್ರಿ ಬಿಸಿಯೂಟದ ಅಡುಗೆಯವರು ಮುದ್ದೆ, ಹುರುಳಿಕಾಳಿನ ಸಾರು ಕೊಟ್ಟರು. ಬೆಂಚುಗಳನ್ನು ಜೋಡಿಸಿ ಮಲಗಿದ್ದಾಯಿತು, ನಿದ್ದೆ ಬರಲಿಲ್ಲ.

ಮತದಾನ ಏಳಕ್ಕೆ ಆರಂಭವಾಗುವುದಾದರೆ ಅಣಕು ಮತದಾನ ತೊಂಬತ್ತು ನಿಮಿಷ ಮೊದಲು, ಅಂದರೆ ಐದೂವರೆಗೆ. ಅಭ್ಯರ್ಥಿಗಳ ಪರವಾಗಿ ಕೂರುವ ಏಜೆಂಟರಲ್ಲಿ ಆ ಹೊತ್ತಿಗೆ ಬಂದಿದ್ದು ಒಬ್ಬನೇ, ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗ. ಮೊದಲ ಸಲ ಕುಳಿತಿದ್ದನೆಂದು ಕಾಣುತ್ತದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕನಿಷ್ಠ ಇಬ್ಬರಾದರೂ ಇರಬೇಕೆಂಬ ಕಾರಣಕ್ಕೆ ಹದಿನೈದು ನಿಮಿಷ ಕಾದೆವು. ಅಷ್ಟರಲ್ಲಿ ಇನ್ನೂ ಮೂವರು ಕಣ್ಣುಜ್ಜಿಕೊಳ್ಳುತ್ತ ಬಂದರು. ಐವತ್ತು ಮತಗಳನ್ನು ಹಾಕಿಸಿ, ಯಾವ ಅಭ್ಯರ್ಥಿಗೆ ಎಷ್ಟೆಂದು ಕಾಗದದಲ್ಲಿ ಗೀಟು ಹಾಕಿಕೊಂಡು, ಕ್ಲೋಸ್ ಒತ್ತಿ, ರಿಸಲ್ಟ್ ಒತ್ತಿ ತೋರಿಸಿದೆ, ಸರಿಹೋಯಿತು. ಆದರೆ ವಿವಿಪ್ಯಾಟ್ ಪೆಟ್ಟಿಗೆಯಿಂದ ಹೊರತೆಗೆದ ಚೀಟಿಗಳನ್ನು ಎಣಿಸಿದರೆ ನಲವತ್ತೊಂಬತ್ತು. ಎರಡನೆಯ ಸಲವೂ ನಲವತ್ತೊಂಬತ್ತು. ಗಡಿಯಾರದಲ್ಲಿ ಆರೂಕಾಲು ದಾಟಿತ್ತು. ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದಾಗ ಮೂಲೆಗೆ ಅಂಟಿಕೊಂಡಿದ್ದ ಐವತ್ತನೆಯ ಚೀಟಿ ಸಿಕ್ಕಿತು. ಆ ನಿರಾಳದಲ್ಲೇ ಚೀಟಿಗಳ ಬೆನ್ನಿಗೆ ಅಣಕು ಮತದಾನದ ಮುದ್ರೆ ಒತ್ತಿಸಿ, ಕಪ್ಪು ಲಕೋಟೆಗೆ ಹಾಕಿಸಿ, ಕಂಟ್ರೋಲ್ ಯೂನಿಟ್ಟಿನ ರಿಸಲ್ಟ್ ಭಾಗದ ಒಳಬಾಗಿಲಿಗೆ ಟ್ಯಾಗ್ ಕಟ್ಟಲು ಕೈ ಹಾಕಿದೆ.

"ಸಾರ್, ಸೊನ್ನೆ ತೋರಿಸಲಿಲ್ಲವಲ್ಲ?" ಎಂದ ಆ ಹುಡುಗ.

ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಶಿಷ್ಯನ ವಯಸ್ಸಿನವನು ಕಲಿಸಹೊರಟಿದ್ದಾನೆ ಎನಿಸಿತು. ಸ್ವಲ್ಪ ಜೋರಾಗಿಯೇ, "ನೋಡಪ್ಪ" ಎಂದು ಟೋಟಲ್ ಗುಂಡಿ ಒತ್ತಿದೆ. ಪರದೆಯ ಮೇಲೆ ಮೂಡಿದ ಸಂಖ್ಯೆ 50. ಚೀಟಿ ಹುಡುಕುವ ಗಡಿಬಿಡಿಯಲ್ಲಿ ನಾನು ಅಣಕು ಮತಗಳನ್ನು ಅಳಿಸುವ ಕ್ಲಿಯರ್ ಗುಂಡಿ ಒತ್ತಿರಲೇ ಇಲ್ಲ.

ಹಾಗೆಯೇ ಸೀಲು ಮಾಡಿದ್ದರೆ ಏನಾಗುತ್ತಿತ್ತೆಂಬುದನ್ನು ಈ ಕೆಲಸ ಮಾಡಿದವರು ಊಹಿಸಬಲ್ಲರು. ಕ್ಲೋಸ್ ಆಗಿದ್ದ ಯಂತ್ರ ಏಳು ಗಂಟೆಗೆ ಮೊದಲ ಮತದಾರರ ಮತವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಸಾಲಿನಲ್ಲಿ ನಿಂತ ನೂರು ಜನರ ಕಣ್ಣೆದುರಿಗೆ ನಾನು ಸೀಲು ಕಿತ್ತು ಯಂತ್ರದೊಳಗೆ ಕೈ ಹಾಕಬೇಕಾಗುತ್ತಿತ್ತು, ಆಮೇಲೆ ದಿನವಿಡೀ ಆ ಊರಿನಲ್ಲಿ ಯಾರೂ ಆ ಯಂತ್ರವನ್ನು ನಂಬುತ್ತಿರಲಿಲ್ಲ. ಕ್ಲೋಸ್ ಕೂಡ ಮರೆತಿದ್ದರಂತೂ ಅಣಕು ಮತಗಳು ಅಸಲಿ ಮತಗಳ ಜೊತೆ ಬೆರೆತೇ ಹೋಗುತ್ತಿದ್ದವು. ಕ್ಲಿಯರ್ ಒತ್ತಿ, ಸೊನ್ನೆಯನ್ನು ನಾಲ್ವರಿಗೂ ತೋರಿಸಿ, ಹಸಿರು ಸೀಲಿನ ಮೇಲೆ ಸಹಿ ಹಾಕಿಸುವಾಗ ಆ ಹುಡುಗನಿಗೆ, "ಒಳ್ಳೇದಾಯ್ತಪ್ಪ, ಕೇಳಿದ್ದು" ಎಂದೆ. ಅವನು ತಲೆತಗ್ಗಿಸಿ ಸೀಲಿನ ಸಂಖ್ಯೆಯನ್ನು ತನ್ನ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ.

ಪ್ರಜೆಯ ಹೊಣೆಯೆಂದರೆ ಶ್ರದ್ಧೆ, ನಂಬಿಕೆ, ಗೌರವ ಎಂದೇ ಅಲ್ಲಿಯವರೆಗೆ ನಾನು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ. ಮತಗಟ್ಟೆಯ ಏರ್ಪಾಡನ್ನು ನೋಡಿದರೆ ಅಲ್ಲಿ ಯಾರನ್ನೂ ನಂಬಬೇಕೆಂಬ ನಿಯಮ ಒಂದೂ ಇಲ್ಲ. ಅಧಿಕಾರಿಯನ್ನು ಏಜೆಂಟರು ನೋಡುತ್ತಿರುತ್ತಾರೆ, ಒಬ್ಬ ಏಜೆಂಟನನ್ನು ಇನ್ನೊಬ್ಬ; ಯಂತ್ರವನ್ನು ಚೀಟಿ ಪರೀಕ್ಷಿಸುತ್ತದೆ, ಚೀಟಿಯನ್ನು ಮತದಾರರೇ ಗಾಜಿನ ಹಿಂದೆ ಏಳು ಸೆಕೆಂಡು ನೋಡುತ್ತಾರೆ. ಈ ಅಪನಂಬಿಕೆಯನ್ನು ಬೇಸರಿಸದೆ ಬೆಳಿಗ್ಗೆ ಐದೂವರೆಯಿಂದ ರಾತ್ರಿಯವರೆಗೆ ಹೊತ್ತು ಕುಳಿತುಕೊಳ್ಳಲು ಯಾರಾದರೂ ಬೇಕು.

ಅಲ್ಲಿದ್ದವರಿಗೆಲ್ಲ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 128ನೇ ಕಲಮನ್ನು, ಮತದಾನದ ಗೋಪ್ಯತೆ ಕಾಪಾಡಬೇಕೆನ್ನುವುದನ್ನು, ಗಟ್ಟಿಯಾಗಿ ಓದಿ ಹೇಳಿ ಏಳಕ್ಕೆ ಸರಿಯಾಗಿ ಬಾಗಿಲು ತೆರೆದೆವು. ಮಧ್ಯಾಹ್ನದವರೆಗೆ ವಿಶೇಷವೇನೂ ನಡೆಯಲಿಲ್ಲ. ಕಣ್ಣು ಕಾಣದ ಅಜ್ಜಿಯೊಬ್ಬರು ಮೊಮ್ಮಗನನ್ನು ಜೊತೆಗೆ ಕರೆತಂದಿದ್ದರು. ಅವನಿಗಿನ್ನೂ ಹದಿನೆಂಟು ತುಂಬಿರಲಿಲ್ಲವಾದ್ದರಿಂದ ಸೊಸೆ ಬರಬೇಕಾಯಿತು, ಸೊಸೆಯ ಬಲಗೈ ತೋರುಬೆರಳಿಗೂ ಶಾಯಿ ಹಚ್ಚಿ ಘೋಷಣೆ ಬರೆಸಿಕೊಂಡೆವು. ಎರಡೂ ಇಪ್ಪತ್ತಕ್ಕೆ ಒಬ್ಬ ಯುವಕ ಮತದಾರರ ಸಹಿ ಪಡೆಯುವ 17ಎ ವಹಿಯಲ್ಲಿ ಸಹಿ ಹಾಕಿ, ಶಾಯಿ ಹಚ್ಚಿಸಿಕೊಂಡ ಮೇಲೆ, "ನನಗೆ ಯಾರೂ ಬೇಡ" ಎಂದು ನಿಂತ. ನೋಟಾ ಇದೆಯಪ್ಪ ಎಂದರೆ ಅದೂ ಬೇಡವೆಂದ. ಮತ ಹಾಕದೆ ಹೋಗುವ ಹಕ್ಕು 49ಓ ನಿಯಮದಂತೆ ಅವನಿಗಿದೆ. ವಹಿಯ ಷರಾ ಅಂಕಣದಲ್ಲಿ ಹಾಗೆಂದು ಬರೆದು ಮತ್ತೊಮ್ಮೆ ಸಹಿ ಪಡೆದು, ನನ್ನ ಡೈರಿಯಲ್ಲೂ ಸಮಯ ಸಮೇತ ಬರೆದೆ.

ನಾಲ್ಕು ಗಂಟೆಯ ಸುಮಾರಿಗೆ ನಡೆದುದನ್ನು ಮಾತ್ರ ಇಂದಿಗೂ ಮರೆಯಲಾಗಿಲ್ಲ. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಕೂಲಿ ಮುಗಿಸಿ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದರು. ಮಾರ್ಕ್ಡ್ ಕಾಪಿಯಲ್ಲಿ ಅವರ ಹೆಸರಿನ ಮೇಲೆ ಆಗಲೇ ಗೆರೆ ಬಿದ್ದಿತ್ತು. ಅವರ ಬೆರಳಲ್ಲಿ ಶಾಯಿಯಿರಲಿಲ್ಲ. ಅದೇ ಪುಟದಲ್ಲಿ ಅದೇ ಹೆಸರಿನ ಇನ್ನೊಬ್ಬರಿದ್ದರು, ಗಂಡನ ಹೆಸರಷ್ಟೇ ಬೇರೆ. ಬೆಳಗಿನ ನೂಕುನುಗ್ಗಲಿನಲ್ಲಿ ನಮ್ಮವರೇ ಒಬ್ಬರ ಬದಲು ಇನ್ನೊಬ್ಬರ ಸಾಲಿಗೆ ಗೆರೆ ಎಳೆದಿರಬೇಕು. ಪಟ್ಟಿಯಲ್ಲಿನ ಚಿತ್ರಗಳೋ ಕಪ್ಪು ಮಸಿಯ ಮುದ್ದೆಗಳು. ವಹಿಯಲ್ಲೂ ಇದ್ದುದು ಒಂದು ಹೆಬ್ಬೆಟ್ಟಿನ ಗುರುತು ಮಾತ್ರ. ಬಂದವರು ಯಾರೆಂದು ರುಜುವಾತು ಮಾಡಲು ನನ್ನ ಬಳಿ ಏನೂ ಇರಲಿಲ್ಲ. ಸೆಕ್ಟರ್ ಅಧಿಕಾರಿಗೆ ಫೋನ್ ಮಾಡಿದೆ. ನಿಯಮದಲ್ಲಿದ್ದ ದಾರಿ ಟೆಂಡರ್ ಮತವೊಂದೇ, ಅಂದರೆ ತನ್ನ ಹೆಸರಿನಲ್ಲಿ ಆಗಲೇ ಮತ ಬಿದ್ದಿರುವವರಿಂದ ಬೇರೆಯಾಗಿ ಪಡೆದು ಲಕೋಟೆಯಲ್ಲಿಡುವ ಮತ. ಗುರುತಿನ ಬಗ್ಗೆ ಕೇಳಿದ್ದಕ್ಕೆಲ್ಲ ಅವರು ಸರಿಯಾಗಿ ಉತ್ತರಿಸಿದ ಮೇಲೆ 17ಬಿ ನಮೂನೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು, ಯಂತ್ರದ ಬದಲಿಗೆ ಕಾಗದದ ಮತಪತ್ರವನ್ನೂ ಬಾಣದ ಗುರುತಿನ ರಬ್ಬರ್ ಮುದ್ರೆಯನ್ನೂ ಕೊಟ್ಟೆ. ಅವರು ಮತಪತ್ರ ಮಡಚಿ ತಂದುಕೊಟ್ಟು ಕೇಳಿದರು:

"ಎಲ್ಲರೂ ಮಿಷನ್ನಿಗೆ ಹಾಕಿದರು. ನಂದು ಈ ಕವರ್‌ನಲ್ಲಿ. ಇದನ್ನೂ ಎಣಿಸ್ತಾರಾ ಸ್ವಾಮಿ?"

ಟೆಂಡರ್ ಮತವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ತಕರಾರು ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ಆದೇಶವಾದರೆ ಮಾತ್ರ ಆ ಲಕೋಟೆ ತೆರೆಯಬಹುದು. ಹೌದು ಎಂದುಬಿಟ್ಟರೆ ಅವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು. "ಎಣಿಸಲಿಕ್ಕಿಲ್ಲ ಅಮ್ಮ. ತಪ್ಪು ನಮ್ಮ ಕಡೆಯಿಂದ ಆಗಿರಬಹುದು" ಎಂದೆ. ಅವರು ಬೈಯಲಿಲ್ಲ. ಶಾಯಿ ಹತ್ತಿದ ಬೆರಳನ್ನು ಒಮ್ಮೆ ನೋಡಿಕೊಂಡು ಹೊರಟರು.

1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ತಿಳಿಸದ ಸುಮಾರು 28 ಲಕ್ಷ ಹೆಂಗಸರನ್ನು ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಪಟ್ಟಿಯಿಂದ ಕೈಬಿಡಬೇಕಾಯಿತೆಂದು ತರಗತಿಯಲ್ಲಿ ಹೇಳುವುದುಂಟು. ಮುಂದಿನ ಸಲ ಹೆಸರಿನೊಂದಿಗೇ ಬರಲಿ ಎಂಬುದು ಅವರ ಹಟವಾಗಿತ್ತು. ಈ ತಾಯಿ ಸ್ವಂತ ಹೆಸರಿನೊಂದಿಗೇ ಬಂದಿದ್ದರು. ಒಂದು ಪುಟದಲ್ಲಿ ಬೆರಳು ಒಂದಂಗುಲ ಜಾರಿದ್ದಕ್ಕೆ ಅವರ ಮತ ಲಕೋಟೆ ಸೇರಿತು. ಅಂದಿನಿಂದ ನಾನು ಹಿಂದಿನ ರಾತ್ರಿಯೇ ಕುಳಿತು ಪಟ್ಟಿಯಲ್ಲಿ ಒಂದೇ ಹೆಸರಿನವರನ್ನೆಲ್ಲ ಹುಡುಕಿ, ಬೇರೆ ಹಾಳೆಯಲ್ಲಿ ಕ್ರಮಸಂಖ್ಯೆ, ಮನೆ ಸಂಖ್ಯೆ, ಗಂಡ ಅಥವಾ ತಂದೆಯ ಹೆಸರು ಬರೆದು ಮೊದಲನೇ ಅಧಿಕಾರಿಯ ಮುಂದಿಡುತ್ತೇನೆ. ಒಂದೂವರೆ ಗಂಟೆಯ ಕೆಲಸ. ಕೈಪಿಡಿಯಲ್ಲಿ ಇದನ್ನು ಯಾರೂ ಹೇಳಿಲ್ಲ.

ಆರು ಗಂಟೆಗೆ ಗೇಟು ಹಾಕಿಸಿ, ಸಾಲಿನಲ್ಲಿದ್ದವರಿಗೆ ಚೀಟಿ ಕೊಟ್ಟೆವು. ಚೀಟಿಯನ್ನು ಕೊನೆಯವರಿಂದ ಆರಂಭಿಸಿ ಮುಂದಿನವರ ಕಡೆಗೆ ಕೊಡುತ್ತ ಬರಬೇಕು. ಮುಂದಿನಿಂದ ಕೊಡುತ್ತ ಹೋದರೆ ಬಾಲ ಬೆಳೆಯುತ್ತಲೇ ಇರುತ್ತದೆ. ಆರೂಮುಕ್ಕಾಲಿಗೆ ಕೊನೆಯ ಮತ ಬಿತ್ತು. ಕ್ಲೋಸ್ ಒತ್ತಿದಾಗ ಯಂತ್ರ ತೋರಿಸಿದ ಒಟ್ಟು 812. ಈ ಹೊತ್ತಿಗೆ ಎಲ್ಲರಿಗೂ ಮನೆಯ ನೆನಪಾಗಿರುತ್ತದೆ. ಹಿರಿಯ ಏಜೆಂಟರೊಬ್ಬರು ಐದಕ್ಕೇ ಬಂದು, "ಖಾಲಿ ಫಾರಂಗೆ ಸಹಿ ಹಾಕಿ ಹೋಗ್ತೀವಿ ಮೇಷ್ಟ್ರೇ, ನೀವು ಆಮೇಲೆ ತುಂಬಿಕೊಳ್ಳಿ, ನಿಮ್ಮ ಮೇಲೆ ನಮಗೆ ನಂಬಿಕೆ ಇದೆ" ಎಂದಿದ್ದರು. ಹಿಂದೊಮ್ಮೆ ಇಂಥ ಮಾತಿಗೆ ಖುಷಿಪಟ್ಟು ಒಪ್ಪಿದ್ದೇನೆ. ಈ ಸಲ, "ಬೆಳಿಗ್ಗೆ ಸೊನ್ನೆ ತೋರಿಸೋದನ್ನೇ ಮರೆತವನು ನಾನು, ನಂಬಬೇಡಿ, ಕೂತ್ಕೊಳ್ಳಿ" ಎಂದೆ.

ನಮೂನೆ 17ಸಿ ಎಂಬುದು ದಾಖಲಾದ ಮತಗಳ ಲೆಕ್ಕ. ಪಟ್ಟಿಯಲ್ಲಿದ್ದವರು ಎಷ್ಟು, ವಹಿಯಲ್ಲಿ ಸಹಿ ಮಾಡಿದವರು ಎಷ್ಟು, ಸಹಿ ಮಾಡಿಯೂ ಮತ ಹಾಕದವರು ಎಷ್ಟು, ಯಂತ್ರದಲ್ಲಿರುವುದು ಎಷ್ಟು, ಟೆಂಡರ್ ಮತಗಳು ಎಷ್ಟು, ಸೀಲುಗಳ ಸಂಖ್ಯೆ ಯಾವುದು ಎಂಬುದಷ್ಟೇ ಅದರಲ್ಲಿರುತ್ತದೆ. ಅದರ ಒಂದು ಪ್ರತಿಯನ್ನು ಪ್ರತಿ ಏಜೆಂಟರಿಗೂ ಕೊಡಬೇಕು. ಎಣಿಕೆಯ ದಿನ ಯಂತ್ರದ ಒಟ್ಟು ಈ ಸಂಖ್ಯೆಗೆ ತಾಳೆಯಾಗಬೇಕು. ನಡುವಿನ ದಿನಗಳಲ್ಲಿ ಯಂತ್ರ ಎಲ್ಲಿತ್ತು, ಯಾರು ಕಾದರು ಎಂಬ ಎಲ್ಲ ಅನುಮಾನಗಳಿಗೂ ಏಜೆಂಟರ ಕೈಯಲ್ಲಿರುವ ಉತ್ತರ ಆ ಹಾಳೆ. ವಹಿಯ ಕೊನೆಯ ಸಂಖ್ಯೆ 813, ಯಂತ್ರದಲ್ಲಿ 812. "ಒಂದು ಎಲ್ಲಿ ಹೋಯ್ತು?" ಎಂದು ಎದ್ದು ನಿಂತವನು ಅದೇ ಹುಡುಗ. ಮಧ್ಯಾಹ್ನ ಎರಡೂ ಇಪ್ಪತ್ತರ ಷರಾ ತೆಗೆದು ತೋರಿಸಿದೆ. ಅವನು ಸಹಿಯನ್ನು, ಸಮಯವನ್ನು, ಡೈರಿಯನ್ನು ನೋಡಿದ ಮೇಲೆಯೇ ಕುಳಿತ. ಪ್ರತಿಗಳನ್ನು ತುಂಬಿ, ಸಹಿ ಹಾಕಿಸಿ, ಕೊಟ್ಟಿದ್ದಕ್ಕೆ ರಸೀದಿ ಪಡೆದು ಪೆಟ್ಟಿಗೆಗಳಿಗೆ ಅರಗಿನ ಮುದ್ರೆ ಒತ್ತುವಾಗ ಎಂಟಾಗಿತ್ತು. ಮೇಣದ ಬತ್ತಿಯ ಬೆಳಕಿಗೆ ಹುಳುಗಳು ಮುತ್ತುತ್ತಿದ್ದವು.

ಎಲ್ಲರೂ ಹೋದ ಮೇಲೆ ನೋಡಿದರೆ ಒಂದು ಪ್ರತಿ ಮೇಜಿನ ಮೇಲೆಯೇ ಉಳಿದಿತ್ತು, ನಂಬಿಕೆಯಿದೆ ಎಂದಿದ್ದ ಹಿರಿಯರದ್ದು. ಹೊರಗೆ ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದರು. ಯಂತ್ರಗಳನ್ನು ಮರಳಿಸುವ ಡಿಮಸ್ಟರಿಂಗ್ ಕೇಂದ್ರದಲ್ಲಿ ಸಾಲು ಹಚ್ಚಿ ಮನೆ ಸೇರುವಾಗ ಒಂದಾಗುವುದು ಖಚಿತವಿತ್ತು. ಪಾತ್ರೆ ತೊಳೆಯುತ್ತಿದ್ದ ಅಡುಗೆಯ ಅಕ್ಕನನ್ನು ಕೇಳಿದೆ, ಆ ಹಿರಿಯರ ಮನೆ ಮೂರನೇ ಬೀದಿಯಲ್ಲೆಂದು ತಿಳಿಯಿತು. ಡ್ರೈವರನ ಬೈಗುಳ ಕೇಳಿಸಿಕೊಳ್ಳುತ್ತ ನಡೆದು ಹೋಗಿ ಬಾಗಿಲು ತಟ್ಟಿದೆ. ಅವರು ಊಟಕ್ಕೆ ಕುಳಿತಿದ್ದರು. "ಇಟ್ಟು ಹೋಗಿ ಮೇಷ್ಟ್ರೇ" ಎಂದರು. ಹಾಳೆಯನ್ನು ಅವರ ಎಡಗೈಗೆ ಹಿಡಿಸಿ, ದೀಪದ ಕಡೆ ತಿರುಗಿಸಿ, 812 ಎಂದು ಗಟ್ಟಿಯಾಗಿ ಓದಿಸಿದ ಮೇಲೆಯೇ ನಾನು ಬಸ್ಸು ಹತ್ತಿದ್ದು.