1971ರ ಹತ್ತು ರಾಕ್ ಆಲ್ಬಮ್‌ಗಳು: ನಾನು ಆರಿಸಿದ ಬಗೆ

ರಾಕ್ ಸಂಗೀತಕ್ಕೆ 1971ರಷ್ಟು ಹುಲುಸಾದ ವರ್ಷ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆರಿಸಲು ಕೂತವರಿಗೆ ಆ ಹುಲುಸೇ ತೊಡಕು. ಬರೀ ನೆನಪಿನಿಂದ ಪಟ್ಟಿ ಮಾಡಿದರೆ ಅದು ಹತ್ತು ದೊಡ್ಡ ಹಾಡುಗಳ ಪಟ್ಟಿ ಆಗುತ್ತದೆ, ಆಲ್ಬಮ್‌ಗಳ ಪಟ್ಟಿ ಆಗುವುದಿಲ್ಲ. ಲೆಡ್ ಜೆಪ್ಲಿನ್‌ನ 'ಸ್ಟೇರ್‌ವೇ ಟು ಹೆವನ್' ಯಾರಿಗೆ ಗೊತ್ತಿಲ್ಲ? ಅದೇ ಆಲ್ಬಮ್ಮಿನ ಆರನೇ ಹಾಡು ಯಾವುದು ಎಂದು ಕೇಳಿದರೆ ತಡವರಿಸುವವರೇ ಹೆಚ್ಚು. ಹಾಗಾಗಿ ನಾನು ಆಲ್ಬಮ್ಮನ್ನು ತೂಗುವುದು ಅದರ ಅತ್ಯಂತ ಸಪ್ಪೆ ಹಾಡಿನಿಂದ. ಆ ಹಾಡೂ ಕೂತು ಕೇಳುವಂತಿದ್ದರೆ ಆಲ್ಬಮ್ ಗೆದ್ದಂತೆ.

ಮೊದಲು ವರ್ಷದ ಗಡಿ ಹಾಕಿಕೊಳ್ಳಬೇಕು. ನಾನು ಹಿಡಿಯುವುದು ರೆಕಾರ್ಡಿಂಗ್ ಆದ ದಿನವನ್ನಲ್ಲ, ಕಲಾವಿದರ ಸ್ವಂತ ದೇಶದಲ್ಲಿ ಆಲ್ಬಮ್ ಬಿಡುಗಡೆಯಾದ ದಿನವನ್ನು. ರೋಲಿಂಗ್ ಸ್ಟೋನ್ಸ್‌ನ 'ಸ್ಟಿಕಿ ಫಿಂಗರ್ಸ್'ನ ಮೂರು ಹಾಡುಗಳು 1969ರ ಡಿಸೆಂಬರಿನಲ್ಲೇ ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದವು. ಆಲ್ಬಮ್ ಬಂದದ್ದು 1971ರ ಏಪ್ರಿಲ್‌ನಲ್ಲಿ, ಆದ್ದರಿಂದ ಒಳಗೆ. ಡೀಪ್ ಪರ್ಪಲ್‌ನ 'ಮಷೀನ್ ಹೆಡ್' ಇದಕ್ಕೆ ತದ್ವಿರುದ್ಧ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋದ ಕ್ಯಾಸಿನೋ ಸುಟ್ಟುಹೋದ ಮೇಲೆ ಅದೇ ಊರಿನ ಹೋಟೆಲೊಂದರಲ್ಲಿ ಅದೇ ತಿಂಗಳು ರೆಕಾರ್ಡ್ ಆಯಿತು, ಬಿಡುಗಡೆ 1972ರ ಮಾರ್ಚ್. ಹೊರಗೆ. ಯೆಸ್‌ನ 'ಫ್ರಜೈಲ್' ಬ್ರಿಟನ್ನಿನಲ್ಲಿ 1971ರ ನವೆಂಬರಿಗೆ ಬಂತು, ಅಮೆರಿಕಕ್ಕೆ 1972ರ ಜನವರಿಗೆ. ಬ್ಯಾಂಡ್ ಬ್ರಿಟನ್ನಿನದಾದ್ದರಿಂದ ಒಳಗೆ. ನಿಯಮ ನನಗೆ ನೋವು ಕೊಟ್ಟ ಜಾಗವೂ ಉಂಟು: 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಬಾಂಗ್ಲಾದೇಶ ಸಹಾಯಾರ್ಥ ಕಛೇರಿಯ ಆಲ್ಬಮ್. ಅಮೆರಿಕದಲ್ಲಿ ಅದು ಡಿಸೆಂಬರಿನಲ್ಲೇ ಬಂದಿದ್ದರೂ ಹ್ಯಾರಿಸನ್‌ರ ಬ್ರಿಟನ್ನಿನಲ್ಲಿ ಬಂದದ್ದು 1972ರ ಜನವರಿಯಲ್ಲಿ. ಬಿಟ್ಟೆ. ಒಂದಕ್ಕೆ ವಿನಾಯಿತಿ ಕೊಟ್ಟರೆ ಗಡಿಯೇ ಉಳಿಯುವುದಿಲ್ಲ.

ಹಾಡು ಕೇಳುವ ಆಪ್‌ಗಳಲ್ಲಿ ಕಾಣುವ ಇಸವಿಯನ್ನು ನಂಬಬೇಡಿ, ಎಷ್ಟೋ ಕಡೆ ಅದು ರಿಮಾಸ್ಟರ್, ಅಂದರೆ ಹಳೆಯ ರೆಕಾರ್ಡಿಂಗನ್ನು ಹೊಸದಾಗಿ ಹದಗೊಳಿಸಿದ ಆವೃತ್ತಿ, ಬಂದ ವರ್ಷ. ಅದಕ್ಕಿಂತ ದೊಡ್ಡ ತೊಂದರೆ ಆಮೇಲಿನ ಆವೃತ್ತಿಗಳಲ್ಲಿ ಸೇರಿಸಿದ ಬೋನಸ್ ಹಾಡುಗಳದ್ದು. ದಿ ಹೂ ಬ್ಯಾಂಡಿನ 'ಹೂಸ್ ನೆಕ್ಸ್ಟ್'ನಲ್ಲಿ ಮೂಲತಃ ಇದ್ದದ್ದು 9 ಹಾಡು, 1995ರ ಸಿಡಿಯಲ್ಲಿ 16. ಕೊನೆಯ 'ವೋಂಟ್ ಗೆಟ್ ಫೂಲ್ಡ್ ಅಗೇನ್' ಮುಗಿದಾಗ ಆಲ್ಬಮ್ ಮುಗಿಯಬೇಕು. ಅದರ ಬೆನ್ನಿಗೇ ಇನ್ನೇಳು ಹಾಡು ಬಂದರೆ ಆ ಮುಕ್ತಾಯದ ಏಟೇ ಬೀಳುವುದಿಲ್ಲ. ಮೂಲ ಎಲ್‌ಪಿಯ (ಎರಡು ಬದಿಯ ಗ್ರಾಮಫೋನ್ ತಟ್ಟೆಯ) ಹಾಡುಪಟ್ಟಿಯನ್ನು ಎರಡೂ ಸೈಡ್ ಬೇರೆ ಮಾಡಿ ಕಾಗದದ ಮೇಲೆ ಬರೆದಿಟ್ಟುಕೊಂಡೇ ಕೇಳಲು ಕೂರಬೇಕು. ಯಾವ ದೇಶದ ಎಲ್‌ಪಿ ಎಂಬುದೂ ಮುಖ್ಯ. ಡೀಪ್ ಪರ್ಪಲ್‌ನ 'ಫೈರ್‌ಬಾಲ್'ನ ಬ್ರಿಟಿಷ್ ಆವೃತ್ತಿಯಲ್ಲಿ 'ಡೀಮನ್ಸ್ ಐ' ಇರುವ ಜಾಗದಲ್ಲಿ ಅಮೆರಿಕದ ಆವೃತ್ತಿಯಲ್ಲಿ 'ಸ್ಟ್ರೇಂಜ್ ಕೈಂಡ್ ಆಫ್ ವುಮನ್' ಇದೆ. ಸ್ಪೇನ್‌ನ 'ಸ್ಟಿಕಿ ಫಿಂಗರ್ಸ್'ನಲ್ಲಿ 'ಸಿಸ್ಟರ್ ಮಾರ್ಫಿನ್' ಇಲ್ಲವೇ ಇಲ್ಲ.

ಇನ್ನು ದನಿಯ ಮಟ್ಟ. ಹೊಸ ರಿಮಾಸ್ಟರ್‌ಗಳು ಹಳೆಯ ಸಿಡಿಗಿಂತ ಸಾಮಾನ್ಯವಾಗಿ ಜೋರು, ಜೋರಾಗಿ ಕೇಳಿದ್ದು ಕಿವಿಗೆ ಚೆನ್ನಾಗಿ ಕಾಣುತ್ತದೆ. ಒಂದೆರಡು ಡೆಸಿಬೆಲ್ ವ್ಯತ್ಯಾಸವೂ ತೀರ್ಪು ಬದಲಿಸಬಲ್ಲದು. ಅದಕ್ಕೆ ಆಪ್‌ನ ವಾಲ್ಯೂಮ್ ನಾರ್ಮಲೈಸೇಷನ್ (ದನಿಯ ಜೋರನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯ) ಆನ್ ಇಡಿ, ಆದರೆ ಆಲ್ಬಮ್ ಲೆಕ್ಕದಲ್ಲಿ. ಹಾಡಿನ ಲೆಕ್ಕದಲ್ಲಿಟ್ಟರೆ ಲೆಡ್ ಜೆಪ್ಲಿನ್‌ನ ಮೆಲುದನಿಯ 'ಗೋಯಿಂಗ್ ಟು ಕ್ಯಾಲಿಫೋರ್ನಿಯಾ' ಕೂಡ 'ಬ್ಲ್ಯಾಕ್ ಡಾಗ್'ನಷ್ಟೇ ಜೋರಾಗಿ ಬಂದು ಆಲ್ಬಮ್ಮಿನ ಏರಿಳಿತ ಚಪ್ಪಟೆಯಾಗುತ್ತದೆ. ಬೋನಸ್ ಹಾಡು ಬಿಡಲೆಂದು ಪ್ಲೇಲಿಸ್ಟ್ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ: ಸ್ಪಾಟಿಫೈ ಆಲ್ಬಮ್ಮನ್ನು ನೇರವಾಗಿ ಹಾಕಿದಾಗ ಇಡೀ ಆಲ್ಬಮ್ಮಿಗೆ ಒಂದೇ ಅಳತೆ ಹಿಡಿಯುತ್ತದೆ, ಪ್ಲೇಲಿಸ್ಟ್ ಆದರೆ ಹಾಡುಹಾಡಿಗೂ ಬೇರೆ. ನೇರವಾಗಿ ಹಾಕಿ, ಕೊನೆಯ ಹಾಡಿಗೆ ಕೈಯಿಂದ ನಿಲ್ಲಿಸುವುದೇ ಸರಿ. ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಬೆರೆಸುವ ಕ್ರಾಸ್‌ಫೇಡ್ ಆಫ್ ಇರಲಿ. ಪಿಂಕ್ ಫ್ಲಾಯ್ಡ್‌ನ 'ಮೆಡಲ್'ನಲ್ಲಿ ಮೊದಲ ಹಾಡಿನ ಗಾಳಿಯ ಸದ್ದು ಎರಡನೆಯದರೊಳಕ್ಕೆ ಬೀಸುತ್ತಾ ಹೋಗುತ್ತದೆ. ಅದು ಬ್ಯಾಂಡ್ ಮಾಡಿಟ್ಟ ಜೋಡಣೆ, ಅದರ ಮೇಲೆ ಆಪ್‌ನ ಕೈಚಳಕ ಬೇಡ.

ಫೋನಿನ ಸ್ಪೀಕರ್‌ನಲ್ಲಿ ಈ ಕೆಲಸ ಆಗದು. ಬ್ಲ್ಯಾಕ್ ಸಬ್ಬತ್‌ನ 'ಮಾಸ್ಟರ್ ಆಫ್ ರಿಯಾಲಿಟಿ'ಯ ಕೆಲವು ಹಾಡುಗಳಿಗೆ ಟೋನಿ ಅಯೋಮಿ ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರ ಇಳಿಸಿದ್ದಾರೆ. ಹದಿಹರೆಯದಲ್ಲಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳೆದುಕೊಂಡವರು ಅವರು. ಶ್ರುತಿ ಇಳಿದರೆ ತಂತಿ ಸಡಿಲ, ಬೆರಳಿಗೆ ಹಗುರ, ನಾದ ಮಾತ್ರ ಭಾರ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್‌ನಿಂದ ಸುಮಾರು 69ಕ್ಕೆ ಇಳಿಯುತ್ತದೆ, ಬಾಸ್ ಗಿಟಾರ್ ಅದಕ್ಕೂ ಒಂದು ಸ್ಥಾಯಿ ಕೆಳಗೆ. ಫೋನ್ ಸ್ಪೀಕರ್ ಆ ಆಳಕ್ಕೆ ಇಳಿಯುವುದೇ ಇಲ್ಲ. ಸಾಧಾರಣ ವೈರ್ ಹೆಡ್‌ಫೋನ್ ಸಾಕು.

ಅಳತೆಗೋಲು ಹಾಡಲ್ಲ, ಸೈಡ್. ಸುಮಾರು 20 ನಿಮಿಷದ ಒಂದು ಸೈಡ್ ಕೇಳಿ, ಎರಡು ನಿಮಿಷ ಬಿಟ್ಟು, ಇನ್ನೊಂದು. ದಿನಕ್ಕೆ ಎರಡು ಆಲ್ಬಮ್ ದಾಟಬಾರದು, ದಣಿದ ಕಿವಿಗೆ ಡ್ರಮ್ಸ್‌ನ ಸಿಂಬಲ್ ತಟ್ಟೆಗಳ ಮೇಲಿನ ಸ್ವರಗಳು ಮಂಕಾಗುತ್ತವೆ, ಮೂರನೆಯದಕ್ಕೆ ಅನ್ಯಾಯ. ಹಾಳೆಯಲ್ಲಿ ಮೂರೇ ಮನೆ: ಸೈಡ್ ಒಂದು, ಸೈಡ್ ಎರಡು, ಸಪ್ಪೆ ಹಾಡು. ಹತ್ತಕ್ಕಿಷ್ಟು ಅಂತ ಅಂಕ ಕೊಡುವುದು ದಂಡ, ಎಲ್ಲವೂ ಏಳು, ಎಂಟರಲ್ಲಿ ಬಂದು ಗುಂಪಾಗುತ್ತವೆ. ಎರಡೆರಡನ್ನು ಎದುರುಬದುರು ಇಟ್ಟು ಇದೋ ಅದೋ ಎಂದು ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ. ನಲವತ್ತು ಹೆಸರಿನಿಂದ ಹದಿನೈದಕ್ಕೆ ಇಳಿಸುವುದು ಸುಲಭ. ಮಾರ್ವಿನ್ ಗೇ, ಜೋನಿ ಮಿಚೆಲ್, ಕರೋಲ್ ಕಿಂಗ್ ಇವರ ಆ ವರ್ಷದ ಆಲ್ಬಮ್‌ಗಳು ಅಪ್ಪಟ ಚಿನ್ನ, ಆದರೆ ರಾಕ್ ಅಲ್ಲ, ಅವಕ್ಕೆ ಬೇರೆ ಪಟ್ಟಿ.

ಹದಿನೈದರಿಂದ ಹತ್ತಕ್ಕೆ ಬರುವಾಗ ಸಪ್ಪೆ ಹಾಡಿನ ನಿಯಮ ಕತ್ತರಿಯಂತೆ ಓಡುತ್ತದೆ. 'ಫ್ರಜೈಲ್'ನ 9 ಹಾಡುಗಳಲ್ಲಿ 4 ಮಾತ್ರ ಇಡೀ ಬ್ಯಾಂಡ್ ಸೇರಿ ಜೋಡಿಸಿ ನುಡಿಸಿದ್ದು. ಉಳಿದ 5 ಒಬ್ಬೊಬ್ಬ ಸದಸ್ಯರ ಪ್ರದರ್ಶನ. 'ಹಾರ್ಟ್ ಆಫ್ ದಿ ಸನ್‌ರೈಸ್' ಎಷ್ಟೇ ಅದ್ಭುತವಾಗಿರಲಿ, ನಡುವೆ ಆಲ್ಬಮ್ಮಿನ ಓಟ ನಿಲ್ಲುತ್ತದೆ. ಹಾಗಾದರೆ ಸಬ್ಬತ್‌ನ 28 ಸೆಕೆಂಡಿನ 'ಎಂಬ್ರಿಯೋ' ಹೇಗೆ ಪಾಸಾಯಿತು? ಅದು ನೇರ 'ಚಿಲ್ಡ್ರನ್ ಆಫ್ ದಿ ಗ್ರೇವ್'ಗೆ ದಾರಿ ಬಿಡುವ ತುಣುಕು, ಒಂಟಿ ಪ್ರದರ್ಶನ ಅಲ್ಲ.

ಮೊದಲ ಸ್ಥಾನ 'ಹೂಸ್ ನೆಕ್ಸ್ಟ್'ಗೆ. ಅದರಲ್ಲಿ ಸಪ್ಪೆ ಎನ್ನಬಹುದಾದದ್ದು 'ಗೋಯಿಂಗ್ ಮೊಬೈಲ್', ಅದೂ ಕುಣಿಸುತ್ತದೆ. 'ಬಾಬಾ ಓ'ರೈಲಿ'ಯ ಆರಂಭದಲ್ಲಿ ಗಿರಗಿರ ಸುತ್ತುವ ಸ್ವರಗಳನ್ನು ಸಿಂಥಸೈಜರ್ ಎಂದುಕೊಳ್ಳುವವರು ಬಹಳ. ಅದು ಲೋರಿ ಕಂಪನಿಯ ಮನೆಬಳಕೆಯ ಆರ್ಗನ್, ಅದರ ಮರಿಂಬಾ ರಿಪೀಟ್ ಗುಂಡಿ ಒತ್ತಿ ಪೀಟ್ ಟೌನ್‌ಶೆಂಡ್ ನುಡಿಸಿದ್ದು. ಎರಡನೆಯದು ಲೆಡ್ ಜೆಪ್ಲಿನ್‌ನ ನಾಲ್ಕನೆಯ ಆಲ್ಬಮ್. ಆರನೇ ಹಾಡು 'ಫೋರ್ ಸ್ಟಿಕ್ಸ್' ಕೊಂಚ ಒಣಕಲು, ಅಷ್ಟಕ್ಕೇ ಮೊದಲ ಸ್ಥಾನ ತಪ್ಪಿತು. ಕೊನೆಯ 'ವೆನ್ ದಿ ಲೆವೀ ಬ್ರೇಕ್ಸ್'ನ ಮೊದಲ ಕೆಲವು ಸೆಕೆಂಡ್ ಬರೀ ಡ್ರಮ್ಸ್‌ಗೆ ಕಿವಿ ಕೊಡಿ. ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯ ಹಜಾರದಲ್ಲಿ ಡ್ರಮ್ಸ್ ಇಟ್ಟು, ಮೇಲಿನ ಮೆಟ್ಟಿಲಿನಿಂದ ಬೇಯರ್ ಎಂ160 ಮೈಕ್ ಎರಡನ್ನು ಇಳಿಬಿಟ್ಟು, ಎಂಜಿನಿಯರ್ ಆಂಡಿ ಜಾನ್ಸ್ ಹಿಡಿದ ಸದ್ದದು. ಒಂದೊಂದು ಏಟಿನ ಹಿಂದೆಯೂ ಆ ಮನೆಯ ಗೋಡೆ ಕೇಳಿಸುತ್ತದೆ.

ಮೂರನೆಯದು ಆಲ್‌ಮನ್ ಬ್ರದರ್ಸ್‌ನ 'ಅಟ್ ಫಿಲ್‌ಮೋರ್ ಈಸ್ಟ್'. ಜೋಡಿ ಎಲ್‌ಪಿ, 7 ಹಾಡು, 4 ಸೈಡ್. ಕೊನೆಯ ಸೈಡಿನ ತುಂಬ 'ವಿಪಿಂಗ್ ಪೋಸ್ಟ್' ಒಂದೇ, ಸುಮಾರು 23 ನಿಮಿಷ. ಕಛೇರಿಯ ಮನೋಧರ್ಮಕ್ಕೆ ಪಳಗಿದ ಕಿವಿಗೆ ಈ ಉದ್ದ ಭಾರವಾಗದು. ನಂತರ 'ಸ್ಟಿಕಿ ಫಿಂಗರ್ಸ್', 'ಮಾಸ್ಟರ್ ಆಫ್ ರಿಯಾಲಿಟಿ', ಮಹಾವಿಷ್ಣು ಆರ್ಕೆಸ್ಟ್ರಾದ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್', ಡೇವಿಡ್ ಬೋವಿಯ 'ಹಂಕಿ ಡೋರಿ', ದಿ ಡೋರ್ಸ್‌ನ 'ಎಲ್.ಎ. ವುಮನ್'. ಒಂಬತ್ತನೆಯದು 'ಮೆಡಲ್'. ಎರಡನೇ ಸೈಡ್ ಪೂರ್ತಿ ಆವರಿಸಿದ 'ಎಕೋಸ್'ಗೆ ಸಾಟಿಯಿಲ್ಲ, ಆದರೆ ಮೊದಲ ಸೈಡಿನ ಕೊನೆಗೆ ನಾಯಿಯ ಊಳಿನ 'ಸೀಮಸ್' ಇದೆ. ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ 2002ರಲ್ಲಿ, ಸ್ಟೋನ್ಸ್ 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದವರು. ಆ ರಾತ್ರಿಗಳನ್ನು ಕಂಡವರು ಆ ಮೋಹವನ್ನು ಬದಿಗಿಟ್ಟು ಆಲ್ಬಮ್ ಕೇಳುವುದು ಒಳ್ಳೆಯದು.

ಹತ್ತನೇ ಜಾಗಕ್ಕೆ ಟಿ. ರೆಕ್ಸ್‌ನ 'ಎಲೆಕ್ಟ್ರಿಕ್ ವಾರಿಯರ್' ಮತ್ತು ಜೆಥ್ರೋ ಟಲ್‌ನ 'ಅಕ್ವಾಲಂಗ್' ಸಮಸಮ ನಿಂತವು. ಇಂಥಲ್ಲಿ ಎರಡರದ್ದೂ ಎರಡನೇ ಸೈಡ್ ಮಾತ್ರ ಹಾಕಬೇಕು, ಹೆಸರಾದ ಹಾಡನ್ನು ಬಿಟ್ಟು. 'ಗೆಟ್ ಇಟ್ ಆನ್' ತೆಗೆದರೆ ಟಿ. ರೆಕ್ಸ್‌ನ ಆ ಸೈಡಿನಲ್ಲಿ 'ದಿ ಮೋಟಿವೇಟರ್' ಅದೇ ನಡೆಯನ್ನು ಇನ್ನೊಮ್ಮೆ ನಡೆಯುತ್ತದೆ. 'ಲೋಕೋಮೋಟಿವ್ ಬ್ರೆತ್' ತೆಗೆದರೂ ಟಲ್‌ಗೆ 'ಮೈ ಗಾಡ್'ನ ಕೊಳಲು ಉಳಿಯುತ್ತದೆ, 'ಹಿಮ್ 43' ಉಳಿಯುತ್ತದೆ, 'ವಿಂಡ್ ಅಪ್' ಉಳಿಯುತ್ತದೆ. ಹತ್ತನೆಯದು 'ಅಕ್ವಾಲಂಗ್'.