ಕಿಡ್ನಿ ಸೊರಗಿದಾಗ ಮಾತ್ರೆಯ ಲೆಕ್ಕ ಹಾಕುವುದು ಹೇಗೆ?

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) 1.4 ಅಂತ ಬಂದರೆ 'ಸ್ವಲ್ಪ ಜಾಸ್ತಿ ಅಷ್ಟೇ' ಅಂದುಕೊಂಡು ಮಡಚಿಟ್ಟುಬಿಡುತ್ತೇವೆ, ಅಲ್ವಾ? ಹಾಗೆ ಮಾಡಬೇಡಿ. ಆ ಅಂಕಿಯೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲು ಲೆಕ್ಕ ಹಾಕಿ. 140ರಲ್ಲಿ ವಯಸ್ಸು ಕಳೆಯಿರಿ, ಬಂದದ್ದನ್ನು ತೂಕದಿಂದ ಗುಣಿಸಿ. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ, ಅದರಿಂದ ಮೊದಲು ಬಂದದ್ದನ್ನು ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಿ. ಇದು 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ, ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು ಕೊಡುತ್ತದೆ.

ಮಂಡ್ಯದ ಒಬ್ಬ ಅಜ್ಜಿ ಅಂತ ಇಟ್ಟುಕೊಳ್ಳಿ. ವಯಸ್ಸು 68, ತೂಕ 50 ಕೆಜಿ, ಕ್ರಿಯಾಟಿನಿನ್ 1.4. ಲೆಕ್ಕ ಹಾಕಿದರೆ ಬರುವುದು ನಿಮಿಷಕ್ಕೆ ಸುಮಾರು 30 ಮಿಲಿಲೀಟರ್. ಅದೇ 1.4 ಇರುವ, 70 ಕೆಜಿ ತೂಗುವ 30ರ ಹುಡುಗನಿಗೆ 76. ಕ್ರಿಯಾಟಿನಿನ್ ಬರುವುದೇ ಮಾಂಸಖಂಡದಿಂದ, ಬಡಕಲು ಮೈಯ ವಯಸ್ಸಾದವರಲ್ಲಿ ಅದು ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ರಿಪೋರ್ಟು ಅಷ್ಟಾಗಿ ಕೆಟ್ಟದಾಗಿ ಕಾಣುವುದಿಲ್ಲ. ಒಂದು ಮಾತು: ಕ್ರಿಯಾಟಿನಿನ್ ದಿಢೀರನೆ ಏರುತ್ತಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಆಮೇಲೆ ಮಾತ್ರೆಗಳನ್ನೆಲ್ಲ ಮುಂದಿಟ್ಟುಕೊಳ್ಳಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್, ಲ್ಯಾಬ್ ರಿಪೋರ್ಟಿನ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗವನ್ನು ಲ್ಯಾಬಿನವರು ಬೇರೆ ಸೂತ್ರದಿಂದ ಹಾಕುವ ಅಂದಾಜು) 45ಕ್ಕಿಂತ ಇಳಿದರೆ ಸಾಮಾನ್ಯವಾಗಿ ಅರ್ಧವಾಗುತ್ತದೆ, 30ಕ್ಕಿಂತ ಇಳಿದರೆ ನಿಲ್ಲಿಸುತ್ತಾರೆ. ಕಾಲು ಉರಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮೈಯಲ್ಲೇ ಉಳಿದು ತೂಕಡಿಕೆ, ತಲೆಸುತ್ತು ತರುತ್ತವೆ, ವಯಸ್ಸಾದವರು ಬೀಳುತ್ತಾರೆ. ಮಂಡಿನೋವಿಗೆ ಅಂಗಡಿಯಿಂದ ಸುಮ್ನೆ ತಂದು ನುಂಗುವ ಡೈಕ್ಲೋಫೆನಾಕ್‌ಗೆ ಡೋಸ್ ಲೆಕ್ಕವೇ ಬೇಡ, ಅದನ್ನು ಮುಟ್ಟಲೇಬೇಡಿ. ಬಿಪಿಯ ಅಮ್ಲೋಡಿಪಿನ್, ಕೊಲೆಸ್ಟ್ರಾಲ್‌ನ ಅಟೋರ್ವಾಸ್ಟಾಟಿನ್ ಕರಗುವುದು ಲಿವರ್‌ನಲ್ಲಿ, ಸಾಮಾನ್ಯವಾಗಿ ಬದಲಾವಣೆ ಬೇಕಿಲ್ಲ.

ಡಾಕ್ಟರು ಡೋಸ್ ಬದಲಿಸುವುದು ಎರಡು ಥರ. ಒಂದೋ ಪ್ರಮಾಣ ಇಳಿಸುತ್ತಾರೆ, ಇಲ್ಲಾ ಎರಡು ಡೋಸ್ ನಡುವಿನ ಅಂತರ ಹೆಚ್ಚಿಸುತ್ತಾರೆ. ಆಂಟಿಬಯಾಟಿಕ್ ಆದರೆ ಮೊದಲ ಡೋಸ್ ಬಹುತೇಕ ಪೂರ್ತಿಯೇ ಇರುತ್ತದೆ, ಸೋಂಕಿಗೆ ಬೇಗ ಪೆಟ್ಟು ಬೀಳಬೇಕಲ್ಲ. ಹಾಗಾಗಿ ದಯವಿಟ್ಟು ಮನೆಯಲ್ಲೇ ಮಾತ್ರೆ ಮುರಿದು ಅರ್ಧ ಮಾಡಬೇಡಿ. ಲೆಕ್ಕ ನಿಮ್ಮದು, ತೀರ್ಮಾನ ಅವರದು.

ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಲಿ, ಮಂಡ್ಯದ ಮಿಮ್ಸ್‌ಗೆ ಹೋಗಲಿ, ಚೀಟಿಯ ಮೇಲೆ ಕ್ರಿಯಾಟಿನಿನ್, ತೂಕ, ತಾರೀಖು ಬರೆದುಕೊಂಡು ಹೋಗಿ. ಮೆಡಿಕಲ್ ಸ್ಟೋರಿನವರಿಗೂ ತೋರಿಸಿ. ವಾಂತಿ-ಭೇದಿ ಶುರುವಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಮೆಟ್‌ಫಾರ್ಮಿನ್, ಮೂತ್ರ ಹೋಗಿಸುವ ಮಾತ್ರೆ, ಹೆಸರಿನ ಕೊನೆಗೆ 'ಪ್ರಿಲ್', 'ಸಾರ್ಟನ್' ಇರುವ ಬಿಪಿ ಮಾತ್ರೆ ನಿಲ್ಲಿಸಬೇಕಾ, ಮತ್ತೆ ಯಾವಾಗ ಶುರು ಮಾಡಬೇಕು ಅಂತ ಕೇಳಿ.